ವೋಲ್ಫ್ ಮತ್ತು ಇತರರು

ಜರ್ಮನಿಗೆ ಬಂದ ಮೊದಲ ಭಾನುವಾರ ಶೇಂಗಾ ಚಟ್ನಿಗೆಂದು ಮಿಕ್ಸಿ ಹಾಕಿದೆ. ಚಟ್ನಿಯನ್ನು ಬಟ್ಟಲಿಗೆ ತೆಗೆಯುವಷ್ಟರಲ್ಲಿ ಬಾಗಿಲ ಸಂದಿಯಿಂದ ಒಂದು ಚೀಟಿ ಒಳಗೆ ಬಂತು. ಮೊಬೈಲಿನಲ್ಲಿ ಅರ್ಥ ಹುಡುಕಿ ಓದಿದೆ. ಇದು ‘ರೂಹೆತ್ಸೈಟ್’, ದಯವಿಟ್ಟು ಯಂತ್ರ ನಿಲ್ಲಿಸಿ ಎಂದಿತ್ತು. ರೂಹೆತ್ಸೈಟ್ ಅಂದರೆ ಸದ್ದು ಮಾಡಬಾರದ ಹೊತ್ತು. ಭಾನುವಾರ ಇಡೀ ದಿನ ಅದೇ. ಬಾಗಿಲು ತೆರೆದರೆ ಯಾರೂ ಇರಲಿಲ್ಲ. ನಾನು ಬೆಳೆದದ್ದು ನ್ಯಾಮತಿಯಲ್ಲಿ, ಅಪ್ಪನ ಹೊಲಿಗೆ ಅಂಗಡಿಯ ಹಿಂದಿನ ಎರಡು ಕೋಣೆಗಳಲ್ಲಿ. ಹೊರಗೆ ಬಸ್ಸಿನ ಹಾರನ್ನು, ಒಳಗೆ ಮಷೀನಿನ ಸದ್ದು, ಅದರ ನಡುವೆಯೇ ಓದು. ಅಲ್ಲಿ ಸಿಟ್ಟು ಬಂದವರು ಎದುರು ನಿಂತು ಬೈಯುತ್ತಾರೆ, ಸಂಜೆ ಟೀಗೆ ಕರೆಯುತ್ತಾರೆ. ಇಲ್ಲಿ ಚೀಟಿ ಬರೆದವರು ಯಾರೆಂದು ಇವತ್ತಿಗೂ ನನಗೆ ಗೊತ್ತಿಲ್ಲ.

ಬಂದದ್ದು ಜೀವಕೋಶದ ಸಂಶೋಧನೆಗೆ. ಕೋಶವೊಂದು ತನ್ನೊಳಗಿನ ಕಸವನ್ನು ತಾನೇ ಹೇಗೆ ಕರಗಿಸಿಕೊಳ್ಳುತ್ತದೆ ಎಂಬುದು ನನ್ನ ವಿಷಯ. ನಾಲ್ಕು ವರ್ಷ ಕತ್ತಲೆ ಕೋಣೆಯಲ್ಲಿ ಸೂಕ್ಷ್ಮದರ್ಶಕದ ಮುಂದೆ ಕೂತೆ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಶಗಳಿಗೆ ಹಬ್ಬ, ರಜೆ ಗೊತ್ತಿಲ್ಲ. ಹೊತ್ತಿಗೆ ಸರಿಯಾಗಿ ಪೋಷಕ ದ್ರವ ಬದಲಿಸದಿದ್ದರೆ ಸಾಯುತ್ತವೆ. ಉಬ್ರಾಣಿಯಲ್ಲಿ ಅಂಗನವಾಡಿ ಟೀಚರ್ ಆಗಿರುವ ಅಕ್ಕ ಫೋನಿನಲ್ಲಿ ರೇಗುತ್ತಿದ್ದಳು.

“ದೀಪಾವಳಿಗೂ ಬರಾಕೆ ಆಗಲ್ಲ ಅಂದ್ರೆ ಅದೆಂಥ ಕೆಲ್ಸನೇ ನಿಂದು?”

“ಕೋಶಗಳಿಗೆ ಊಟ ಹಾಕ್ಬೇಕು ಅಕ್ಕ.”

“ನೀನು ಉಂಡ್ಯೇನು?”

ಆ ಪ್ರಶ್ನೆಯನ್ನು ಈ ಊರಲ್ಲಿ ಯಾರೂ ಕೇಳುವುದಿಲ್ಲ. ಬೇಕರಿಯ ಹೆಂಗಸು ನನ್ನ ಜರ್ಮನ್ ಅರ್ಥ ಮಾಡಿಕೊಂಡು ಮೊದಲ ಸಲ ಇಂಗ್ಲಿಷಿಗೆ ತಿರುಗದೆ ಉತ್ತರ ಕೊಟ್ಟ ದಿನ ರಸ್ತೆಯಲ್ಲಿ ಒಬ್ಬಳೇ ನಕ್ಕಿದ್ದೆ. ಅಷ್ಟಕ್ಕೇ ಖುಷಿಪಡುವ ಹಾಗೆ ಬದುಕು ಸಣ್ಣದಾಗಿತ್ತು.

ಕೊನೆಗೆ ಉತ್ತರ ಸಿಕ್ಕಿತು. ಕೋಶದ ಕಸದ ಚೀಲಕ್ಕೆ ಬಾಯಿ ಕಟ್ಟುವ ಒಂದು ಪ್ರೋಟೀನು ನನ್ನ ಚಿತ್ರಗಳಲ್ಲಿ ಸ್ಪಷ್ಟವಾಗಿ ಕಂಡಿತು. ಪ್ರಬಂಧ ಸಿದ್ಧವಾಯಿತು. ನಮ್ಮ ವಿದ್ಯೆಯಲ್ಲಿ ದುಡಿದವರ ಹೆಸರು ಮೊದಲು, ಲ್ಯಾಬಿನ ಮುಖ್ಯಸ್ಥರ ಹೆಸರು ಕೊನೆಗೆ. ನಡುವಿನವರನ್ನು ಯಾರೂ ಓದುವುದಿಲ್ಲ.

ಪ್ರೊಫೆಸರ್ ನನ್ನನ್ನು ಕೋಣೆಗೆ ಕರೆದು ತಾವೇ ಕಾಫಿ ಕೊಟ್ಟರು. ಆಗಲೇ ಹೆದರಿಕೆಯಾಯಿತು.

“ಟೋಬಿಯಾಸ್ ಈ ವರ್ಷ ಪ್ರಾಧ್ಯಾಪಕ ಹುದ್ದೆಗೆ ಅರ್ಜಿ ಹಾಕುತ್ತಿದ್ದಾನೆ. ಬರವಣಿಗೆಯೂ ಹೆಚ್ಚಾಗಿ ಅವನದೇ. ಅವನ ಹೆಸರು ಮೊದಲಿರಲಿ. ನೀವು ಚಿಕ್ಕವರು, ಮುಂದಿನದು ನಿಮ್ಮದು.”

ಟೋಬಿಯಾಸ್ ವೋಲ್ಫ್ ನನ್ನ ಪಕ್ಕದ ಮೇಜಿನವನು. ವಾಕ್ಯಗಳನ್ನು ಚೆನ್ನಾಗಿ ತಿದ್ದುತ್ತಿದ್ದ. ಆ ಕೋಶಗಳನ್ನು ಒಂದು ದಿನವೂ ಮುಟ್ಟಿರಲಿಲ್ಲ. ನನ್ನ ನೇಮಕಾತಿ ಮುಗಿಯಲು ನಾಲ್ಕು ತಿಂಗಳಿತ್ತು. ಅದು ಮುಂದುವರಿಯದಿದ್ದರೆ ವೀಸಾವೂ ಇಲ್ಲ.

“ಆಗಲಿ,” ಎಂದೆ.

ಎರಡನೆಯ ಜಾಗ ಅಂಕಿಅಂಶ ನೋಡಿಕೊಂಡವಳಿಗೆ ಹೋಯಿತು. ಗಿರಿಜಾ ಬಿ. ಎಂಬ ನಾನು ಮೂರನೆಯವಳಾದೆ.

ಪ್ರಬಂಧ ಊಹೆಗೂ ಮೀರಿ ಓಡಿತು. ಎಲ್ಲೆಲ್ಲಿಯ ಲ್ಯಾಬಿನವರೂ ಅದನ್ನು ಉಲ್ಲೇಖಿಸಿದರು. ಎಲ್ಲರೂ ಬರೆಯುವುದು ಒಂದೇ ರೀತಿ: ‘ವೋಲ್ಫ್ ಮತ್ತು ಇತರರು’. ಒಂದು ಸಮ್ಮೇಳನದಲ್ಲಿ ಯಾರೋ ನನ್ನದೇ ಚಿತ್ರವನ್ನು ಪರದೆಗೆ ಹಾಕಿ ನನಗೇ ವಿವರಿಸಿದರು. ಅದರ ಎಡಮೂಲೆಯ ಮಸುಕು ಏಕೆಂದು ಅವರಿಗೆ ಗೊತ್ತಿರಲಿಲ್ಲ. ಟೋಬಿಯಾಸ್‌ಗೆ ಹುದ್ದೆ ಸಿಕ್ಕಿತು. ನಾನು ಸಂದರ್ಶನಕ್ಕೆ ಹೋದಲ್ಲಿ, “ಇದರಲ್ಲಿ ನಿಮ್ಮ ಪಾತ್ರವೇನು?” ಎಂದು ಸೌಜನ್ಯದಿಂದ ಕೇಳಿದರು. ಎಲ್ಲವೂ ನನ್ನದೇ ಎಂದರೆ ಸುಳ್ಳುಗಾರ್ತಿಯ ಹಾಗೆ ಕೇಳಿಸುತ್ತಿತ್ತು. ಸ್ವಲ್ಪ ಹೇಳಿದೆ. ಸ್ವಲ್ಪವನ್ನೇ ನಂಬಿದರು. ಪ್ರೊಫೆಸರ್ ಹೇಳಿದ ‘ಮುಂದಿನದು’ ಇನ್ನೂ ಬಂದಿಲ್ಲ.

ಈ ವರ್ಷ ರಜೆಗೆ ಊರಿಗೆ ಹೋದಾಗ ಹೊನ್ನಾಳಿಯ ಕಾಲೇಜೊಂದರಲ್ಲಿ ಮಾತಾಡಲು ಕರೆದರು. ಅಕ್ಕನೂ ಜೊತೆಗೆ ಬಂದು ಮುಂದಿನ ಸಾಲಿನಲ್ಲಿ ಕೂತಳು. ಶಾಲು, ಹಾರ. ಜಗತ್ಪ್ರಸಿದ್ಧ ಪ್ರಬಂಧ ಬರೆದ ನಮ್ಮ ನ್ಯಾಮತಿಯ ಮಗಳು ಎಂದು ಪ್ರಾಂಶುಪಾಲರು ಪರಿಚಯಿಸಿದರು. ಚಪ್ಪಾಳೆ ನಿಲ್ಲಲೇ ಇಲ್ಲ. ನನ್ನ ಮಾತು ಮುಗಿದ ಮೇಲೆ ಜಗಳೂರಿನಿಂದ ಬಂದು ಹಾಸ್ಟೆಲಿನಲ್ಲಿದ್ದು ಬಿ.ಎಸ್ಸಿ. ಓದುವ ಹುಡುಗಿಯೊಬ್ಬಳು ಮೊಬೈಲು ಹಿಡಿದು ಎದ್ದು ನಿಂತಳು.

“ಮೇಡಂ, ಇದು ನಿಮ್ದೇ ಅಲ್ರೀ? ಇದ್ರಾಗೆ ನಿಮ್ಮ ಹೆಸ್ರು ಮೂರ್ನೇದು ಐತೆ. ಹಿಂಗ್ಯಾಕ್ರೀ?”

ನಿಜ ಹೇಳಬಹುದಿತ್ತು, ನನ್ನ ಭಾಷೆಯಲ್ಲಿ, ನನ್ನವರ ಮುಂದೆ. ಆದರೆ ಅಕ್ಕನ ಮುಖದಲ್ಲಿದ್ದ ಹೆಮ್ಮೆ ಕಂಡಿತು. ಅಷ್ಟು ದೂರ ಹೋಗಿ ಬಾಯಿ ಮುಚ್ಚಿಕೊಂಡು ಬಂದೆ ಎಂದು ಹೇಗೆ ಹೇಳುವುದು?

“ನಮ್ಮಲ್ಲಿ ಹೆಸರು ಅಕ್ಷರಮಾಲೆ ಪ್ರಕಾರ ಹಾಕ್ತಾರಮ್ಮ,” ಎಂದೆ.

ನಮ್ಮಲ್ಲಿ. ಆ ಮಾತು ಎಲ್ಲಿಂದ ಬಂತೋ. ಜರ್ಮನಿಯನ್ನು ನಾನು ಅದುವರೆಗೆ ಹಾಗೆ ಕರೆದಿರಲಿಲ್ಲ. ಅಲ್ಲಿನವರೂ ನನ್ನನ್ನು ಸೇರಿಸಿಕೊಂಡು ಹಾಗೆ ಅಂದಿರಲಿಲ್ಲ.

ಹುಡುಗಿ ಮೊಬೈಲನ್ನು ಇನ್ನೊಮ್ಮೆ ನೋಡಿದಳು, ಆಮೇಲೆ ನನ್ನನ್ನು. ವೋಲ್ಫ್‌ನ ಡಬ್ಲ್ಯೂ ಮೊದಲು, ನನ್ನ ಜಿ ಮೂರನೆಯದು. ಎ, ಬಿ, ಸಿ, ಡಿ ಜಗಳೂರಿನಲ್ಲೂ ಕಲಿಸುತ್ತಾರೆ.

“ಆಯ್ತು ಬಿಡ್ರೀ ಮೇಡಂ,” ಎಂದು ಮೆಲ್ಲಗೆ ಹೇಳಿ ಕೂತಳು.