ಒಂದು ಬೆಳೆಯ ಜವಾಬ್ದಾರಿ

ಸಣ್ಣ ಟ್ರ್ಯಾಕ್ಟರ್ ಮನೆಗೆ ಬಂದ ವಾರವೇ ನಮ್ಮ ಹಳೆಯ ಪವರ್ ಟಿಲ್ಲರ್ ಕೊಳ್ಳಲು ಪೆರೇಸಂದ್ರದ ಕಡೆಯಿಂದ ಒಬ್ಬಾಕೆ ಸಾದಲಿಗೆ ಬಂದರು. ನನಗಿಂತ ಸ್ವಲ್ಪ ಚಿಕ್ಕವರು, ದ್ರಾಕ್ಷಿ ತೋಟದವರು. ಬಂದವರೇ ಇಂಜಿನ್ನಿನ ಮೇಲೆ ಅಂಗೈ ಇಟ್ಟರು.

"ತಣ್ಣಗೈತೆ. ಸಲೀಸಾಗಿ ಸ್ಟಾರ್ಟ್ ಆಗ್ಲಿ ಅಂತ ನಾನು ಬರೋ ಮುಂಚೆ ಓಡ್ಸಿ ಬಿಸಿ ಮಾಡಿಟ್ಟಿಲ್ಲ ನೀವು. ಪರವಾಗಿಲ್ಲ ಕಣಕ್ಕ!"

ಹ್ಯಾಂಡಲ್ ಸುತ್ತಿದೊಡನೆ ಅದು ಗುಡುಗಿತು. ಕೊಟ್ಟಿಗೆಯ ಹಸು ಬೆಚ್ಚಿ ಹಗ್ಗ ಜಗ್ಗಿತು. ಆಕೆ ಅಂಗಳದಲ್ಲೇ ಒಂದು ಸುತ್ತು ಹೊಡೆಸಿ, ಬೆವರು ಒರೆಸಿಕೊಂಡು ನಕ್ಕರು. ಆ ಖುಷಿ ನನಗೂ ಅಂಟಿತೇನೋ, ಯಾರೂ ಕೇಳದಿದ್ದರೂ ಬಾಯಿಬಿಟ್ಟೆ: "ಒಂದು ಬೆಳೆ ತನಕ ಏನೇ ಕೆಟ್ರೂ ನಮ್ಮ ಜವಾಬ್ದಾರಿ."

ನಮ್ಮ ಯಜಮಾನರು ನನ್ನತ್ತ ಕಣ್ಣು ಬಿಟ್ಟರು. ಅಷ್ಟರಲ್ಲಿ ಟಿಲ್ಲರ್ ಜೊತೆಗೆ ನನ್ನ ಮಾತೂ ಗಾಡಿ ಹತ್ತಿಯಾಗಿತ್ತು.

ಆಮೇಲೆ ನಮ್ಮ ಮನೆಯಲ್ಲಿ ರೇಷ್ಮೆ ಹುಳ ಎರಡು ಸಲ ಗೂಡು ಕಟ್ಟಿ, ಆ ಗೂಡು ಶಿಡ್ಲಘಟ್ಟದ ಮಾರುಕಟ್ಟೆಗೂ ಹೋಗಿಯಾಗಿತ್ತು. ಮೂರನೆಯ ಸಲದ ಹುಳಕ್ಕೆ ಸೊಪ್ಪು ಹಾಕುತ್ತಿದ್ದಾಗ ಫೋನು ಬಂತು.

"ಅಕ್ಕಾ, ಇಂಜಿನ್ ಓಡ್ತೈತೆ, ಚಕ್ರ ತಿರುಗಲ್ಲ! ಬಳ್ಳಿಯೆಲ್ಲ ಸವರಿಬಿಟ್ಟಿದ್ದೀನಿ. ಚಿಗುರು ಬರೋದ್ರೊಳಗೆ ಮಣ್ಣು ತಿರುವಿ ಗೊಬ್ಬರ ಕೊಡ್ಲಿಲ್ಲ ಅಂದ್ರೆ ಈ ಸಲ ಫಸಲೇ ಹೋಯ್ತು. ಒಂದ್ ಬೆಳೆ ತನಕ ನಿಮ್ದು ಅಂದಿದ್ರಲ್ಲ?"

"ಆ ಬೆಳೆ ಯಾವಾಗ್ಲೋ ಮುಗೀತಲ್ಲಮ್ಮ!"

"ಎಲ್ಲಿ ಮುಗೀತು? ನಂದು ಇನ್ನೂ ಚಿಗುರೇ ಬಂದಿಲ್ಲ!"

ಸೊಪ್ಪು ಕೈಯಲ್ಲೇ ಉಳಿಯಿತು. ರೇಷ್ಮೆಯವರಿಗೆ ಬೆಳೆ ಅಂದರೆ ಹುಳ ತಂದು ಗೂಡು ಬಿಡಿಸುವ ತನಕ, ತಿಂಗಳೊಳಗಿನ ಮಾತು. ದ್ರಾಕ್ಷಿಯವರಿಗೆ ಬಳ್ಳಿ ಸವರಿ ಗೊನೆ ಕೊಯ್ಯುವ ತನಕ. ಇಬ್ಬರೂ ಸುಳ್ಳಾಡಿರಲಿಲ್ಲ.

"ನಮ್ಮ ಲೆಕ್ಕದಲ್ಲಿ ವಾಯಿದೆ ಮುಗಿದೈತೆ," ಎಂದರು ಯಜಮಾನರು.

"ಆಯಮ್ಮನ ಕಿವಿಗೆ ಬಿದ್ದಿದ್ದು ದ್ರಾಕ್ಷಿ ಬೆಳೆ ರೀ. ಯಾವ ಬೆಳೆ ಅಂತ ನಾನೆಲ್ಲಿ ಹೇಳ್ದೆ?"

"ಪುಣ್ಯಕ್ಕೆ ತೆಂಗಿನ ತೋಟದವರಿಗೆ ಮಾರ್ಲಿಲ್ಲ. ಮೊಮ್ಮಕ್ಕಳ ಕಾಲದವರೆಗೂ ರಿಪೇರಿ ಮಾಡ್ಕೊಂಡಿರ್ಬೇಕಿತ್ತು!" ಹಾಗೆಂದರೂ ಸ್ಕೂಟರಿನ ಬೀಗದ ಕೈ ಹುಡುಕತೊಡಗಿದರು.

ಅಲ್ಲಿನ ಮೆಕ್ಯಾನಿಕ್ ಆಗಲೇ ಬಿಚ್ಚಿ ನೋಡಿ, ಕ್ಲಚ್ ಪ್ಲೇಟ್ ತೇದುಹೋಗಿದೆ ಎಂದಿದ್ದ. ಸುತ್ತಾದರೂ ಚಿಕ್ಕಬಳ್ಳಾಪುರಕ್ಕೆ ಹೋಗಿ ಪ್ಲೇಟ್ ಕೊಂಡೆವು. ಹೆದ್ದಾರಿಯಲ್ಲಿ ಗಾಳಿಗೆ ಸೆರಗು ಹಾರದಂತೆ ಪೊಟ್ಟಣವನ್ನು ಎದೆಗವಚಿಕೊಂಡು ಕೂತಿದ್ದೆ. ಹೊಸದು ಹಾಕಿದ ಮೇಲೂ ಚಕ್ರ ತಿರುಗದಿದ್ದರೆ?

ತೋಟದಲ್ಲಿ ಆಕೆ ನಮ್ಮನ್ನು ನೋಡಿ ಸ್ಕೂಟರಿನ ತನಕ ನಡೆದು ಬಂದರು. "ಬರಲ್ಲ ಅನ್ಕೊಂಡಿದ್ದೆ ಅಕ್ಕ." ಆಮೇಲೆ ತಾವೇ ಹೇಳಿದರು: "ಪ್ಲೇಟ್ ನಿಮ್ದು, ಕೂಲಿ ನಂದು. ನಿಮ್ಮ ಹೊಲದಲ್ಲಿ ತೇದಿದ್ದು ಎಷ್ಟೋ, ನಮ್ಮ ತೋಟದಲ್ಲಿ ಎಷ್ಟೋ!"

ಮಧ್ಯಾಹ್ನದ ಬಿಸಿಲಿನಲ್ಲಿ ಮೆಕ್ಯಾನಿಕ್ ಕೊನೆಯ ಬೋಲ್ಟ್ ಬಿಗಿದ. ಇಂಜಿನ್ ಗುಡುಗಿತು. ಕ್ಲಚ್ ಬಿಟ್ಟ. ಚಕ್ರ ಒಮ್ಮೆ ತಿಣುಕಿ, ಮಣ್ಣು ಕಚ್ಚಿ, ಚಪ್ಪರದ ಕೆಳಗೆ ಸರ್ರನೆ ನುಗ್ಗಿತು! "ಹೋಯ್, ಹೋಯ್, ಕಂಬ!" ಎಂದು ಆಕೆ ಕೂಗುತ್ತ ಹಿಂದೆ ಓಡಿದರು. ನಾನೂ ಚಪ್ಪಲಿ ಬಿಟ್ಟು ಓಡಿದೆ. ಏಕೆ ಓಡಿದೆನೋ ಗೊತ್ತಿಲ್ಲ. ಕಾಲಡಿಯ ಮಣ್ಣು ಮಾತ್ರ ಆಗಷ್ಟೇ ತಿರುವಿದ್ದರಿಂದ ತಂಪಾಗಿತ್ತು.

ತಿಂಗಳುಗಳು ಕಳೆದವು. ಒಂದು ಬೆಳಿಗ್ಗೆ ಮತ್ತೆ ಅದೇ ಫೋನು. ಇನ್ನೇನು ಕೆಟ್ಟಿತೋ ಎಂದುಕೊಂಡೇ ಎತ್ತಿದೆ.

"ಅಕ್ಕಾ, ಇವತ್ತು ಕಟಾವು. ಇಲ್ಲಿಗೆ ನಿಮ್ಮ ಜವಾಬ್ದಾರಿ ಮುಗೀತು. ಬಂದು ಹಣ್ಣು ತಗೊಂಡೋಗಿ."

"ಬಂದೆ ಕಣಮ್ಮ!"

"ಹುಳಿ ಇದ್ರೆ ಮಾತ್ರ ನನ್ನ ಕೇಳಂಗಿಲ್ಲ."