ಜೋಗುಪಾಳ್ಯದ ಮಣಿಪುರಿ ಟೀಚರ್

ಹಲಸೂರಿಗೆ ಮೆಟ್ರೊ ಬರುವ ಎಷ್ಟೋ ಮೊದಲು, ಜೋಗುಪಾಳ್ಯದ ಮಹಡಿ ಕೋಣೆಯೊಂದರಲ್ಲಿ ನಮಗೆ ಮಣಿಪುರಿ ನೃತ್ಯ ಕಲಿಸುತ್ತಿದ್ದ ಟೀಚರ್ ಇಂಫಾಲದವರು. ನಮಗೆ ಗೆಜ್ಜೆ ಕಟ್ಟಿಸುತ್ತಿರಲಿಲ್ಲ. ಯಾರಾದರೂ ಕಾಲು ಅಪ್ಪಳಿಸಿದರೆ ಸಿಡುಕುತ್ತಿದ್ದರು. ಕೃಷ್ಣನ ಪಾತ್ರದ ನಾನು ಕೊಳಲು ಹಿಡಿದು ನಿಂತಲ್ಲೇ ಮಿಸುಕಿದರೆ ಸಾಕು, ನನ್ನ ಗದ್ದ ಎತ್ತಿ, "ಅಲ್ಲಾಡ್ಬೇಡ" ಎನ್ನುತ್ತಿದ್ದರು.

ಕಾಲೊನಿಯ ಗಣೇಶೋತ್ಸವದ ದಿನ ಗೋಪಿಯರು ತೆಳುವಾದ ಮುಸುಕು ಹೊದ್ದು ನನ್ನ ಸುತ್ತ ನಿಂತರು. ಸಂಘದ ಕಾರ್ಯದರ್ಶಿ ಓಡಿಬಂದರು.

"ಮೇಡಂ, ಮಕ್ಳು ಜನಕ್ಕೆ ಬೆನ್ನು ತೋರಿಸ್ತಿದಾರೆ. ಈ ಕಡೆ ತಿರುಗ್ಸಿ."

"ನಮ್ಮೂರಲ್ಲಿ ಇದನ್ನ ಗುಡೀಲಿ ಆಡೋದು ಸರ್. ಕೃಷ್ಣ ಆ ಕಡೆ ಇದಾನಲ್ಲ," ಎಂದರು ಟೀಚರ್.

ರಾಸಲೀಲೆ ಮುಗಿಯಿತು. ವೇದಿಕೆ ಏರುವ ಮೊದಲು ಪರದೆಯ ಹಿಂದೆ ನನ್ನನ್ನು ಗದರಿದ್ದ ಟೀಚರ್, ಎಲ್ಲರೆದುರು ಬಂದು ನನ್ನ ಕಾಲಿಗೆ ಅಡ್ಡಬಿದ್ದರು. ನಾನು ಹೆದರಿ ಹಿಂದೆ ಸರಿಯಹೋದೆ.

ತಲೆ ಎತ್ತದೆಯೇ ಅವರು ಮೆಲ್ಲಗೆ ಹೇಳಿದರು: "ಅಲ್ಲಾಡ್ಬೇಡ."