ಕಾರೋಟದ ಹುಡುಗನಿಗೆ ದನಿಯಾಗಿದ್ದ ಪ್ರಮೋದಾ

ಹೊಸಕೋಟೆಯ ಹಳೇ ಮದ್ರಾಸ್ ರಸ್ತೆಯಲ್ಲಿ ಲಾರಿಗಳ ಸದ್ದು ಏರುವುದರೊಳಗೆ ಕೆಲಸ ಮುಗಿಯಬೇಕು. ಹಾಗಾಗಿ ಬೆಳಕು ಹರಿಯುವ ಹೊತ್ತಿಗೇ ಪ್ರಮೋದಾ ಬಿಸಿನೀರು ಕುಡಿದು ಮೈಕಿನ ಮುಂದೆ ನಿಂತಿದ್ದಾರೆ. ಮನೆಯೊಂದರ ಹಿಂದಿನ ಕೋಣೆಯ ಗೋಡೆಗೆ ಹಳೆಯ ಹಾಸಿಗೆಗಳನ್ನು ಒತ್ತಿ ಮಾಡಿದ ಪುಟ್ಟ ಸ್ಟುಡಿಯೋ ಇದು. ಮಾಲೀಕ ಮೂರ್ತಿಯವರೇ ರೆಕಾರ್ಡಿಂಗ್ ಮಾಡುತ್ತಾರೆ. ಪರದೆಯ ಮೇಲೆ ಕೆಂಪು ಕಾರೊಂದು ಬೆಟ್ಟದ ತಿರುವಿನಲ್ಲಿ ನುಗ್ಗುತ್ತದೆ. ಕಾರೋಡಿಸುವ ಹುಡುಗನ ತಾಯಿ ಏನೋ ಹೇಳಲು ಬಾಯಿ ತೆರೆಯುತ್ತಾಳೆ. ಆ ಬಾಯಿಗೆ ಕನ್ನಡ ಕೂರಿಸುವುದು ಪ್ರಮೋದಾ ಅವರ ಕೆಲಸ.

ಜಪಾನಿನ ಹಳೆಯ ಕಾರ್ ರೇಸ್ ಕಾರ್ಟೂನನ್ನು ಈಗಿನ ಮಕ್ಕಳಿಗಾಗಿ ಹೊಸದಾಗಿ ಚಿತ್ರಿಸಿದ್ದಾರೆ. ಹದಿನೈದು ವರ್ಷದ ಹಿಂದೆ ಹಳೆಯದು ಕನ್ನಡದಲ್ಲಿ ಬಂದಾಗ ಓಟದ ಹುಡುಗನಿಗೆ ದನಿ ಕೊಟ್ಟವರು ಇವರೇ. ಶಾಲೆ ಮಕ್ಕಳು ಬೀದಿಯಲ್ಲಿ ಅವನಂತೆಯೇ 'ಇನ್ನೂ ಜೋರಾಗಿ' ಎಂದು ಕೂಗುತ್ತ ಓಡುತ್ತಿದ್ದರು. ಪರದೆಯ ಮೇಲೆ ಇವರ ಹೆಸರು ಒಮ್ಮೆಯೂ ಬರಲಿಲ್ಲ. ಅದು ಯಾರ ದನಿಯೆಂದು ಗೊತ್ತಿದ್ದದ್ದು ನಾಲ್ಕು ಜನ ನೆಂಟರಿಗೆ ಮತ್ತು ಮಗ ಮುರಳಿಗೆ.

"ಟೀವೀಲಿ ಆ ಹುಡ್ಗ ಮಾತಾಡಿದ್ರೆ ಇವನು ಅಡುಗೆಮನೇಲಿರೋ ನನ್ನ ನೋಡೋನು. ಊಟಕ್ಕೆ ಹಟ ಮಾಡಿದ್ರೆ ಆ ದನೀಲೇ ಕರೀಬೇಕಿತ್ತು" ಎನ್ನುತ್ತಾರೆ ಪ್ರಮೋದಾ.

ಮೂರು ವರ್ಷದ ಹಿಂದೆ, ಕಾಲೇಜು ಓದುತ್ತಿದ್ದ ಮುರಳಿ ಬೂದಿಗೆರೆಯ ಚಿಕ್ಕಮ್ಮನ ಮನೆಗೆಂದು ಸ್ಕೂಟರಿನಲ್ಲಿ ಹೊರಟ. ದಾರಿಯಲ್ಲಿ ತಪ್ಪು ಬದಿಯಿಂದ ಬಂದ ಟಿಪ್ಪರ್ ಗುದ್ದಿತು. ಹುಡುಗ ಉಳಿಯಲಿಲ್ಲ. ಅವನು ನಿಧಾನವಾಗಿಯೇ ಹೋಗುತ್ತಿದ್ದನೆಂದು ಕಂಡವರೆಲ್ಲ ಹೇಳಿದರು. ಆದರೂ ಸಾವಿನ ಮನೆಯಲ್ಲಿ ನೆಂಟರ ಹೆಂಗಸೊಬ್ಬಳು ಮುಖಕ್ಕೇ ಅಂದಳು: "ಇನ್ನೂ ಜೋರಾಗಿ ಓಡ್ಸು ಅಂತ ಮಕ್ಕಳ ತಲೆಗೆ ತುಂಬ್ದೋಳು ನೀನೇ ಅಲ್ವೇನಮ್ಮಾ."

ಪ್ರಮೋದಾ ಅಂದಿನಿಂದ ಮೈಕಿನ ಹತ್ತಿರವೂ ಸುಳಿಯಲಿಲ್ಲ. ರವಿಕೆ ಹೊಲಿಯುತ್ತ ದಿನ ದೂಡಿದರು. ಗಿರಾಕಿಗಳೊಂದಿಗೆ ಅಳತೆಯ ಮಾತು ಬಿಟ್ಟರೆ ಬೇರೆ ಮಾತಿರಲಿಲ್ಲ.

ಈ ವರ್ಷ ಮೂರ್ತಿಯವರು ಮನೆಗೇ ಬಂದು ಕೇಳಿದರು. ಹುಡುಗನ ಪಾತ್ರ ಬೇಡ, ತಾಯಿಯದು ಮಾಡಿಕೊಡಿ ಸಾಕು ಎಂದರು. ಮೊದಮೊದಲು ಆಗಲ್ಲವೆಂದ ಪ್ರಮೋದಾ ಕೊನೆಗೆ ಒಪ್ಪಿದರು. "ಮನೇಲಿ ಸದ್ದೇ ಇರ್ಲಿಲ್ಲ ನೋಡಿ. ನನ್ನ ದನಿ ನನಗೇ ಮರ್ತೋಗಿತ್ತು."

ಈಗ ಹುಡುಗನಿಗೆ ದನಿ ಕೊಡುವವಳು ಝೋಯಾ. ಇದೇ ಊರಿನವಳು, ಹಳೆಯ ಸರಣಿ ನೋಡಿಯೇ ಬೆಳೆದವಳು. ರೇಸಿನ ಕೊನೆಯ ಗೆರೆ ದಾಟುವಾಗ ಹುಡುಗ ಹಾಕುವ ಕೇಕೆ ಮಾತ್ರ ಅವಳಿಗೆ ಕೂಡಿಬರಲಿಲ್ಲ. ಒಂದು ಬೆಳಿಗ್ಗೆ ಕಣ್ಣಲ್ಲಿ ನೀರು ತುಂಬಿಕೊಂಡು, ಒಂದು ಸಲ ತೋರಿಸಿಕೊಡಿ ಆಂಟಿ ಎಂದು ಕೇಳಿದಳು. ಪ್ರಮೋದಾ ಮೈಕಿನ ಮುಂದೆ ನಿಂತು ಕಣ್ಣು ಮುಚ್ಚಿ ಕೂಗಿದರು. ಐವತ್ತರ ಅಂಚಿನ ಹೆಂಗಸಿನ ಗಂಟಲಿನಿಂದ ಹತ್ತು ವರ್ಷದ ಹುಡುಗನೊಬ್ಬ ನೆಗೆದು ಬಂದ. ಅದನ್ನು ರೆಕಾರ್ಡ್ ಮಾಡಿಕೊಳ್ಳುವುದು ಮೂರ್ತಿಯವರಿಗೆ ಮರೆತೇಹೋಯಿತು. ಇನ್ನೊಮ್ಮೆ ಕೂಗಿ ಎನ್ನಲು ಅವರಿಗೆ ಬಾಯಿ ಬರಲಿಲ್ಲ.

"ಇನ್ಮೇಲೆ ಇದು ನಿನ್ನದು ಕಣಮ್ಮ. ನನ್ನ ಕೇಳ್ಬೇಡ" ಎಂದು ಝೋಯಾಳ ಬೆನ್ನು ತಟ್ಟಿ ಪ್ರಮೋದಾ ಹೊರಗೆ ಹೋಗಿ ಜಗಲಿಯ ಮೇಲೆ ಕೂತರು. ಆ ಗಳಿಗೆಯ ಬಗ್ಗೆ ಕೇಳಿದರೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾರೆ. "ಕೂಗಿದ ಮೇಲೆ ಬಾಗ್ಲ ಕಡೆ ನೋಡ್ಬಿಟ್ಟೆ. ಅವನು ಬರ್ತಾನೇನೋ ಅಂತ."

ಝೋಯಾಳ ಕೇಕೆ ಈಗ ಸರಿಹೋಗಿದೆ. ದನಿ ಕೊಟ್ಟವರ ಹೆಸರನ್ನು ಪರದೆಯ ಮೇಲೆ ಹಾಕಿಸಲು ಮೂರ್ತಿಯವರು ಓಡಾಡುತ್ತಿದ್ದಾರೆ, ಕಂಪನಿಯವರು ಇನ್ನೂ ಏನೂ ಹೇಳಿಲ್ಲ. ಪ್ರಮೋದಾಗೆ ಅದರ ಯೋಚನೆಯಿಲ್ಲ. ಕೊನೆಯ ಕಂತನ್ನು ಜನ ಗಮನವಿಟ್ಟು ನೋಡಲಿ ಎಂಬುದಷ್ಟೇ ಅವರ ಆಸೆ.

"ರೇಸ್ ಮುಗಿಸ್ಕೊಂಡು ಮಗ ಮನೆಗೆ ಬರ್ತಾನೆ. ಅಲ್ಲಿ ತಾಯಿಗೆ ಮಾತೇ ಇಲ್ಲ. ನಾನು ಒಂದು ಉಸಿರು ಬಿಟ್ಟಿದ್ದೀನಿ. ಅದು ಚೆನ್ನಾಗಿ ಬಂದಿದೆ."